ಚಪ್ಪಲಿ ಕಳಚಿಟ್ಟು ಬಂದ ಲಾರಿಗಳು

ದೂರಿನ ಪತ್ರ ಒಂದೇ ಪುಟದ್ದು. ಕಣ್ಣು ಕಾಣದವರೊಬ್ಬರು ಹೇಳಿ ಬರೆಸಿದ್ದು. ಅದರ ಕೊನೆಯ ಎರಡು ಸಾಲುಗಳನ್ನು ಆಫೀಸಿನಲ್ಲಿ ನಿಂತುಕೊಂಡೇ ಓದಿದೆ: "ನಿಶ್ಶಬ್ದ ಬೇಕೆಂದು ನಾನು ಕೇಳುತ್ತಿಲ್ಲ. ನನ್ನ ಮನೆ ನನಗೆ ಕೇಳಿಸುವಂತಿದ್ದರೆ ಸಾಕು."

ನನಗೆ ತಲೆಬುಡ ಅರ್ಥವಾಗಲಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಮೂಗೂ ಮುರಿದೆ. ನಾನು ಬೆಳೆದದ್ದು ಬೆಂಗಳೂರಿನಲ್ಲಿ, ಸಿಟಿ ಬಸ್ ಡಿಪೋದ ಎದುರು ಮನೆಯಲ್ಲಿ. ಬೆಳಗಾಗುವ ಮೊದಲೇ ಬಸ್ಸುಗಳು ಗುರ್ರೆಂದು ಎದ್ದು ಕೂರುತ್ತಿದ್ದವು. ನಾವು ಪಾಠ ಓದಿದ್ದು, ಜಗಳ ಆಡಿದ್ದು, ಅಕ್ಕನ ಮದುವೆ ಮಾತುಕತೆ ಮುಗಿಸಿದ್ದು ಎಲ್ಲವೂ ಆ ಸದ್ದಿನ ಮೇಲೆ ಸದ್ದು ಮಾಡಿಯೇ. ಅಂಥವಳು ಜಪಾನಿಗೆ ಬಂದು ರಸ್ತೆಯ ಸದ್ದು ಅಳೆಯುವ ಕೆಲಸ ಹಿಡಿದದ್ದನ್ನು ನನ್ನ ಗಂಡ ಇವತ್ತಿಗೂ ಆಡಿಕೊಳ್ಳುತ್ತಾನೆ.

ನಮ್ಮ ಮನೆ ಉರಯಾಸುವಿನಲ್ಲಿ. ದೂರು ಬಂದ ಊರು ಅಲ್ಲಿಂದ ರೈಲಿನಲ್ಲಿ ಅರ್ಧ ಗಂಟೆ, ಕೊಲ್ಲಿಯ ಅಂಚಿನದೇ, ಹೆಸರು ಬೇಡ. ಅಲ್ಲಿನ ನಗರಸಭೆಯವರು ಅಳತೆಯ ಕೆಲಸವನ್ನು ನಮ್ಮ ಪುಟ್ಟ ಸಂಸ್ಥೆಗೆ ವಹಿಸಿದ್ದರು. ಕ್ರಮ ಸರಳ: ಮೂರು ಕೆಲಸದ ದಿನ ಆ ಮನೆಯ ಮುಂದೆ ಸದ್ದು ಅಳೆಯಬೇಕು. ಸರಾಸರಿ ಮಿತಿ ದಾಟಿದರೆ ನಗರಸಭೆ ರಸ್ತೆಗೆ ಏನಾದರೂ ಮಾಡಲೇಬೇಕು. ದಾಟದಿದ್ದರೆ ಕಡತ ಮುಚ್ಚಿತು.

ಮೊದಲ ಭೇಟಿಗೆ ನಮ್ಮ ವಿಭಾಗದ ಮುಖ್ಯಸ್ಥರೂ ಬಂದಿದ್ದರು. ಅವರನ್ನು ನಾವೆಲ್ಲ ಹುದ್ದೆಯ ಹೆಸರಿನಿಂದಲೇ 'ಕಚೋ' ಎನ್ನುತ್ತೇವೆ. ದಿನಕ್ಕೆ ಹತ್ತು ವಾಕ್ಯ ಆಡಿದರೆ ಹೆಚ್ಚು. ದೂರು ಕೊಟ್ಟವರು ಸೂಜಿ ಚಿಕಿತ್ಸೆ ಮಾಡುವವರು, ಊರವರೆಲ್ಲ ಗೌರವದಿಂದ 'ಸೆನ್ಸೇ', ಅಂದರೆ ಗುರುಗಳೇ, ಎನ್ನುತ್ತಾರೆ. ಅರವತ್ತು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಕೋಟು. ಮರದ ಹಳೇ ಮನೆ. ಮುಂದಿನ ಕೋಣೆಯೇ ಚಿಕಿತ್ಸಾಲಯ, ಹಿಂದೆ ಅಡುಗೆಮನೆ, ನಡುವೆ ಉದ್ದನೆಯ ಚಾಪೆಯ ಕೋಣೆ. ಬಾಗಿಲಿನಿಂದ ನಾಲ್ಕು ಹೆಜ್ಜೆಗೆ ರಸ್ತೆ. ಮೊದಲು ಊರೊಳಗಿನ ರಸ್ತೆಯಾಗಿದ್ದದ್ದು, ಗೋದಾಮುಗಳು ಬಂದ ಮೇಲೆ ಬಂದರಿಗೆ ಹೋಗುವ ಒಳದಾರಿಯಾಗಿತ್ತು.

ಚಿಕಿತ್ಸೆಯ ಕೋಣೆಯಲ್ಲಿ ಕಿವಿಯ ಎತ್ತರಕ್ಕೆ ಒಂದು ಗೋಡೆ ಗಡಿಯಾರ. ಹನ್ನೊಂದೂವರೆಯ ಹೊತ್ತಿಗೆ ಅದು ನಾಲ್ಕು ಗಂಟೆ ತೋರಿಸುತ್ತಿತ್ತು. ಪಾಪ, ಗೊತ್ತಿಲ್ಲವೇನೋ ಎಂದುಕೊಂಡು ಹೇಳಿದೆ.

ಸೆನ್ಸೇ ನಕ್ಕರು. "ಸಮಯಕ್ಕೆ ನನ್ನ ಕೈಗಡಿಯಾರ ಇದೆ. ಅದು ದಾರಿಗೆ."

ಟೀ ತರಲು ಎದ್ದು ಹೋದರು. ಹಿಂತಿರುಗುವಾಗ ಎರಡೂ ಕೈಯಲ್ಲಿ ಟ್ರೇ, ಮೂರು ಕಪ್ಪು. ಸರಾಗವಾಗಿ ನಡೆದು ಬರುತ್ತಿದ್ದರು, ನಮ್ಮ ಹಾಗೆಯೇ. ಅಷ್ಟರಲ್ಲಿ ಹೊರಗೆ ರಸ್ತೆಯ ತಗ್ಗಿನಲ್ಲಿ ಖಾಲಿ ಟ್ರೈಲರ್ ಒಂದು ಧಡಾರ್ ಎಂದು ಹಾರಿ ಬಿತ್ತು. ಕಿಟಕಿಯ ಗಾಜು ನಡುಗಿತು. ಸೆನ್ಸೇ ಒಂದು ಕಾಲು ಮುಂದಿಟ್ಟವರು ಹಾಗೆಯೇ ನಿಂತುಬಿಟ್ಟರು. ಹಿಂದೆಯೇ ಇನ್ನೊಂದು ಲಾರಿ, ಮತ್ತೊಂದು. ಅವರು ಕೋಣೆಯ ನಟ್ಟನಡುವೆ, ಮುಖ ಸ್ವಲ್ಪ ಎತ್ತಿ, ಟ್ರೇ ಅಲುಗಿಸದೆ ನಿಂತೇ ಇದ್ದರು. ಎದ್ದು ಕೈ ಹಿಡಿಯಲು ಹೊರಟ ನನ್ನನ್ನು ಕಚೋ ಕಣ್ಣಲ್ಲೇ ತಡೆದರು. ಸದ್ದು ಹೋಯಿತು. ಗಡಿಯಾರದ ಟಿಕ್ ಟಿಕ್ ಮತ್ತೆ ಕೇಳಿಸಿತು. ಸೆನ್ಸೇ ನಿಲ್ಲಿಸಿದ ಹೆಜ್ಜೆಯನ್ನೇ ಮುಂದುವರಿಸಿ ಬಂದು ಟ್ರೇ ಇಟ್ಟರು.

"ಹೋಗುವಾಗ ಫ್ರಿಜ್ಜಿನ ಸದ್ದು ಹಿಡಿದು ಹೋಗ್ತೀನಿ, ಬರುವಾಗ ಗಡಿಯಾರದ್ದು," ಎಂದರು. "ಲಾರಿ ಬಂದಾಗ ಎರಡೂ ಅಳಿಸಿಹೋಗುತ್ತೆ. ಗೋಡೆ ತಡವಿಕೊಂಡು ನಡೀಬಹುದು, ನಿಜ. ಆದ್ರೆ ಸ್ವಂತ ಮನೇಲಿ ಗೋಡೆ ಹಿಡ್ಕೊಂಡು ನಡೀಬೇಕಾದ್ರೆ ಅದು ಯಾರ ಮನೆ?"

ಸೂಜಿ ಚುಚ್ಚುವಾಗ ರೋಗಿಯ ಉಸಿರು ಕೇಳಿಸಿಕೊಳ್ಳಬೇಕಂತೆ. ಲಾರಿ ಬಂದರೆ ಸೂಜಿಯೂ ನಿಲ್ಲಬೇಕು. ಬೇರೆ ಊರಿನ ತಂಗಿ ತನ್ನ ಫ್ಲಾಟಿಗೆ ಬಂದುಬಿಡು ಎನ್ನುತ್ತಿದ್ದಳು. ಅಳತೆಯಲ್ಲಿ ಏನೂ ಸಿಗದಿದ್ದರೆ ಹೊಸ ವರ್ಷದೊಳಗೆ ಚಿಕಿತ್ಸಾಲಯ ಮುಚ್ಚಿ ಹೋಗುವುದೆಂದು ನಿಶ್ಚಯಿಸಿದ್ದರು. "ಅಲ್ಲಿ ನಾನು ಅತಿಥಿ. ಇನ್ನೊಂದು ಮನೆ ಕಲಿಯೋಕೆ ನನಗೆ ವಯಸ್ಸಿಲ್ಲ."

ಮುರಿದ ಮೂಗನ್ನು ಎಲ್ಲಿ ಬಚ್ಚಿಡಲಿ ಎನ್ನಿಸಿತು. ವಾಪಸ್ ರೈಲಿನಲ್ಲಿ ಕಚೋ ಆ ದಿನದ ಪಾಲಿನ ವಾಕ್ಯಗಳನ್ನು ಒಟ್ಟಿಗೇ ಆಡಿದರು: "ಮನೆಗೆ ಕಳ್ಳ ನುಗ್ಗಿದ್ರೆ ಪೊಲೀಸರು ಬರ್ತಾರೆ. ಸದ್ದು ನುಗ್ಗಿದ್ರೆ ನಾವು. ತನ್ನ ಮನೇನ ಬೇರೆಯವರು ಗೌರವಿಸ್ಬೇಕು ಅನ್ನೋದು ಮನುಷ್ಯನ ಹಕ್ಕು, ಗೀತಾ-ಸಾನ್. ಆದರೆ ಅದು ಎಷ್ಟು ಮುರಿದಿದೆ ಅಂತ ಯಾರಾದ್ರೂ ಅಳೀಬೇಕಲ್ಲ."

ಇನ್ನು ನನ್ನ ತಪ್ಪಿನ ಕಥೆ. ಇಲ್ಲಿ ಯಾವ ಕೆಲಸ ಶುರುವಾಗುವ ಮೊದಲೂ ಅಕ್ಕಪಕ್ಕದ ಮನೆಗಳಿಗೆ ಹೋಗಿ ಬಾಗಿ ನಮಸ್ಕರಿಸಿ, "ಇಂಥ ದಿನ ಇಂಥ ಕೆಲಸ, ತೊಂದರೆಯಾದರೆ ಕ್ಷಮಿಸಿ" ಎಂಬ ಚೀಟಿ ಕೊಡಬೇಕು. ಜೊತೆಗೊಂದು ತೆಳ್ಳನೆ ಟವೆಲ್. ಈ ಶಿಷ್ಟಾಚಾರ ಕಲಿಯಲು ನಾನು ಪಟ್ಟ ಪಾಡು ನನಗೇ ಗೊತ್ತು. ಕಲಿತ ಮೇಲೆ ಅದರ ಜಂಬವೂ ಸ್ವಲ್ಪ ಇತ್ತು. ನಿಯಮದ ಪ್ರಕಾರ ಎಡಬಲ ಮತ್ತು ಎದುರಿನ ಮನೆಗಳು ಸಾಕು. ನಾನು ಅಷ್ಟಕ್ಕೇ ನಿಲ್ಲುತ್ತೇನೆಯೇ? ರಸ್ತೆಯ ತುದಿಯಲ್ಲಿ ಲಾರಿಗಳ ಡಿಪೋ ಇತ್ತು. ಮೈಕ್ ಹೊತ್ತ ನನ್ನ ಮುಕ್ಕಾಲಿ ಪಾದಚಾರಿ ದಾರಿಯ ಅಂಚಿನಲ್ಲಿ ನಿಲ್ಲುವುದರಿಂದ ಅವರಿಗೂ ಹೇಳುವುದು ಮರ್ಯಾದೆ ಎಂದು ಅಲ್ಲಿಗೂ ಹೋದೆ. ಡಿಪೋ ವ್ಯವಸ್ಥಾಪಕರು ಚೀಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ನನಗಿಂತ ಹೆಚ್ಚು ಬಾಗಿದರು. ಖುಷಿಯಲ್ಲಿ ಸ್ಟೇಷನ್ನಿನ ಪಕ್ಕದ ಕೊಂಬಿನಿಗೆ, ಅಂದರೆ ಹಗಲೂ ರಾತ್ರಿ ತೆರೆದಿರುವ ಅಂಗಡಿಗೆ, ಹೋಗಿ ಕಾಫಿ ಕುಡಿದು ಮನೆಗೆ ಬಂದೆ.

ಅಳತೆಗೆ ಒಣ ರಸ್ತೆ ಬೇಕು. ಒದ್ದೆ ರಸ್ತೆಯ ಮೇಲೆ ಚಕ್ರದ ಸದ್ದೇ ಬೇರೆ. ಮಳೆ ಎರಡು ಸಲ ತಾರೀಖು ಮುಂದೂಡಿಸಿತು, ಎರಡು ಸಲವೂ ಹೊಸ ತಾರೀಖಿನ ಚೀಟಿ ಹಂಚಿದೆ, ಡಿಪೋಗೂ. ಮೂರನೇ ಸಲ ಆಕಾಶ ಒಪ್ಪಿತು.

ಬೆಳಿಗ್ಗೆ ಮುಕ್ಕಾಲಿ ನಿಲ್ಲಿಸಿ, ಮೈಕನ್ನು ನನ್ನ ಎದೆಯೆತ್ತರಕ್ಕೆ ತಂದು, ಗಾಳಿ ತಡೆಯುವ ಸ್ಪಂಜಿನ ಚೆಂಡು ತೊಡಿಸಿದೆ. ಅದಕ್ಕೆ ಮೊದಲು ಮೈಕಿನ ಮೂತಿಗೆ ಒಂದು ಪುಟ್ಟ ಡಬ್ಬಿ ಸಿಕ್ಕಿಸಿ ಗೊತ್ತಿರುವ ಸದ್ದೊಂದನ್ನು ಕೇಳಿಸಬೇಕು. ಮೀಟರ್ ಅದನ್ನು ಸರಿಯಾಗಿ ಓದಿದರೆ ಮಾತ್ರ ಮುಂದಿನ ಕೆಲಸ. ಹಗಲೂ ರಾತ್ರಿ ಮೀಟರ್ ತನ್ನ ಪಾಡಿಗೆ ತಾನು ಬರೆದುಕೊಳ್ಳುತ್ತದೆ. ಹಗಲು ನಾನು ಮಡಿಸುವ ಕುರ್ಚಿಯಲ್ಲಿ ಕೂತು ಪ್ರತಿ ಗಂಟೆಯಲ್ಲಿ ಹತ್ತು ನಿಮಿಷ ವಾಹನ ಎಣಿಸಬೇಕು: ದೊಡ್ಡದು ಬಲಗೈ ಕೌಂಟರ್, ಸಣ್ಣದು ಎಡಗೈ. ಎರಡು ಕಂಬಗಳ ನಡುವಿನ ಹೊತ್ತು ಹಿಡಿದು ಕೆಲವು ಲಾರಿಗಳ ವೇಗವನ್ನೂ, ಅವುಗಳ ಮೇಲಿನ ಕಂಪನಿಯ ಹೆಸರನ್ನೂ ಬರೆಯಬೇಕು. ಆಂಬುಲೆನ್ಸು, ನಾಯಿ, ಗೆಣಸು ಮಾರುವ ಗಾಡಿಯ ಹಾಡು ಬಂದರೆ ಗಂಟೆ ನಿಮಿಷ ಸಮೇತ ಗುರುತಿಟ್ಟು ಲೆಕ್ಕದಿಂದ ತೆಗೆಯಬೇಕು. ಮೊದಲ ದಿನ ಒಂದು ಕಾಗೆ ಬಂದು ಸ್ಪಂಜನ್ನು ಕುಕ್ಕಿ ಒಂದು ಚೂರು ಹಾರಿಸಿಕೊಂಡು ಹೋಯಿತು. "ಹಚಾ! ಹೋಗೇ!" ಎಂದು ಅಚ್ಚ ಕನ್ನಡದಲ್ಲಿ ಕೂಗಿದ್ದೂ ದಾಖಲಾಗಿ, ಅದನ್ನೂ ತೆಗೆಯಬೇಕಾಯಿತು.

ಸಂಜೆ ಮೊದಲ ದಿನದ ಅಂಕಿ ನೋಡಿದೆ. ಮಿತಿಯ ಕೆಳಗೆ. ಇರಲಿ ಎಂದುಕೊಂಡೆ. ಎರಡನೇ ದಿನವೂ ಕೆಳಗೆ. ಲಾರಿಗಳು ಕಡಿಮೆಯೇನೂ ಇರಲಿಲ್ಲ, ಬಲಗೈ ಹೆಬ್ಬೆರಳು ನೋಯುವಷ್ಟು ಒತ್ತಿದ್ದೆ. ಮೀಟರ್ ಕೆಟ್ಟಿದೆಯೇನೋ ಎಂದು ಡಬ್ಬಿ ಸಿಕ್ಕಿಸಿ ಮತ್ತೆ ಪರೀಕ್ಷಿಸಿದೆ. ಸರಿಯಾಗಿಯೇ ಓದಿತು.

ಮೂರನೇ ದಿನ ಮಧ್ಯಾಹ್ನ ಸೆನ್ಸೇ ಬಾಗಿಲು ಸರಿಸಿ ಹೊರಗೆ ಬಂದರು. ಸ್ವಲ್ಪ ಹೊತ್ತು ರಸ್ತೆಯ ಕಡೆ ಕಿವಿ ಕೊಟ್ಟು ನಿಂತರು.

"ಸುಮಿಮಾಸೆನ್, ಗೀತಾ-ಸಾನ್. ನಿಮ್ಮ ಕೆಲಸಕ್ಕೆ ಅಡ್ಡ ಬರ್ತಿದ್ದೀನಿ. ಈ ಮೂರು ದಿನದಿಂದ ಲಾರಿಗಳು ಚಪ್ಪಲಿ ಕಳಚಿಟ್ಟು ಬರ್ತಿವೆ."

"ಅಂದ್ರೆ?"

"ಮನೆ ಒಳಗೆ ಬರೋರ ಹಾಗೆ. ಅಂಚೆಪೆಟ್ಟಿಗೆ ಹತ್ರ ಎಕ್ಸಲರೇಟರ್ ಮೇಲಿಂದ ಕಾಲು ತೆಗೀತಾರೆ, ನಮ್ಮ ಮುಂದಿನ ತಗ್ಗನ್ನ ಮೆತ್ತಗೆ ಇಳಿದು ಹತ್ತುತಾರೆ. ಬೇರೆ ಕಡೆಯ ಲಾರಿಗಳು ಹಾಗೆ ಮಾಡಲ್ಲ. ಡಿಪೋದವು ಮಾತ್ರ."

ವೇಗ ಬರೆದ ಹಾಳೆ ತೆಗೆದು ನೋಡಿದೆ. ಹೌದಲ್ಲ! ಡಿಪೋದ ಲಾರಿಗಳೆಲ್ಲ ಬೇರೆಯವಕ್ಕಿಂತ ನಿಧಾನ. ಕಣ್ಣಿದ್ದ ನಾನು ಮೂರು ದಿನ ಬರೆದೂ ನೋಡಿರಲಿಲ್ಲ. ಅವರು ಗೋಡೆಯಾಚೆ ಕೂತು, ಯಾವ ಲಾರಿ ಡಿಪೋದ್ದು, ಯಾವುದು ಹೊರಗಿನದು ಎಂಬುದರ ಸಮೇತ ಕೇಳಿಸಿಕೊಂಡಿದ್ದರು. ಆ ಕಿವಿಯ ಮುಂದೆ ನನ್ನ ಮೀಟರ್ ಬರೀ ಆಟದ ಸಾಮಾನು ಎನ್ನಿಸಿತು.

ಊಟದ ಬಿಡುವಿನಲ್ಲಿ ಡಿಪೋಗೆ ಓಡಿದೆ. ವ್ಯವಸ್ಥಾಪಕರು ಹೆಮ್ಮೆಯಿಂದ ಬಿಳಿ ಹಲಗೆ ತೋರಿಸಿದರು. ನನ್ನ ಚೀಟಿಯನ್ನು ಅದಕ್ಕೆ ಆಯಸ್ಕಾಂತದಿಂದ ಅಂಟಿಸಿದ್ದರು. ಕೆಳಗೆ ದಪ್ಪ ಅಕ್ಷರದಲ್ಲಿ: "ಶಬ್ದಮಾಪನ ನಡೆಯುತ್ತಿದೆ. ಅಳೆಯುವವರಿಗೆ ತೊಂದರೆಯಾಗದಂತೆ ಅಂಚೆಪೆಟ್ಟಿಗೆಯಿಂದ ನಿಧಾನವಾಗಿ ಸಾಗುವುದು." ಮೂರೂ ದಿನ ಬೆಳಗಿನ ಸಭೆಯಲ್ಲಿ ಓದಿದ್ದರಂತೆ.

"ಸದ್ದು ಅಳೆಯೋರ ಮುಂದೆ ಸದ್ದು ಮಾಡೋದು ಒರಟುತನ ಅಲ್ವಾ?" ಎಂದರು. ಅದರಲ್ಲಿ ಮೋಸವೂ ಇರಲಿಲ್ಲ, ತಮಾಷೆಯೂ ಇರಲಿಲ್ಲ. ಅಳತೆ ಯಾತಕ್ಕೆ ಎಂದೇ ಅವರಿಗೆ ಗೊತ್ತಿರಲಿಲ್ಲ. ನಾನು ಚೀಟಿಯಲ್ಲಿ ಬರೆದಿರಲೂ ಇಲ್ಲ.

ಅಯ್ಯೋ ರಾಮ! ನಗಬೇಕೋ ಅಳಬೇಕೋ ತಿಳಿಯದೆ ಅವರ ಬೆಂಚಿನ ಮೇಲೆ ತಲೆ ಮೇಲೆ ಕೈ ಹೊತ್ತು ಕೂತೆ. ಅವರು ಗಾಬರಿಯಾಗಿ ನೀರು ತಂದುಕೊಟ್ಟರು.

ಕಚೋಗೆ ಫೋನ್ ಮಾಡಿದೆ. "ಅಳತೆಯ ವಿಧಾನದಲ್ಲಿ ದೋಷ ಇಲ್ಲ," ಎಂದರು. "ವರದಿಗೆ ಸಹಿ ನಿಮ್ದು. ಯೋಚನೆ ಮಾಡಿ."

ಸಂಜೆ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತೆ. ಗಂಡ ಚಪಾತಿ ಮುರಿಯುತ್ತಾ ಕಥೆಯೆಲ್ಲ ಕೇಳಿ ಬಿದ್ದು ಬಿದ್ದು ನಕ್ಕ.

"ನಮ್ ಕಡೆ ಇನ್ಸ್‌ಪೆಕ್ಷನ್ ಅಂದ್ರೆ ಹಿಂದಿನ ದಿನ ಸುಣ್ಣ ಬಳೀತಾರಲ್ಲ, ಹಾಗಾಯ್ತು ಇದು. ಇನ್ವಿಟೇಷನ್ ನೀನೇ ಕೊಟ್ಟು ಬಂದಿದೀಯ!"

"ನಗಬೇಡ ಕಣೋ. ಈ ನಂಬರ್ ಕೊಟ್ರೆ ಫೈಲ್ ಕ್ಲೋಸ್. ಆ ಮನುಷ್ಯ ಮನೆ ಬಿಟ್ಟು ಹೋಗ್ತಾರೆ."

"ರೂಲ್ ಪ್ರಕಾರ ಕರೆಕ್ಟ್ ಇದ್ಯಲ್ಲ? ನಿನ್ನ ತಪ್ಪು ಅಂತ ಯಾರು ಹೇಳ್ತಾರೆ?"

"ಯಾರೂ ಹೇಳಲ್ಲ. ಅದೇ ಪ್ರಾಬ್ಲಮ್ಮು."

ಅವನು ನಗು ನಿಲ್ಲಿಸಿದ. ಹಾಳೆ ಎಳೆದುಕೊಂಡು ನೋಡಿದ. "ಲಾರಿ ಅಷ್ಟೇ ಇವೆ, ಸ್ಪೀಡ್ ಮಾತ್ರ ಕಮ್ಮಿ. ಅಂದ್ರೆ ಮನಸ್ಸು ಮಾಡಿದ್ರೆ ಅಲ್ಲಿ ಸದ್ದು ಕಮ್ಮಿ ಮಾಡಬಹುದು ಅಂತಾಯ್ತಲ್ವೇನೇ?"

ನಾನು ಅವನ ಮುಖವನ್ನೇ ನೋಡಿದೆ. ಮೂರು ದಿನದ ಅಂಕಿಗಳನ್ನು ಬುಟ್ಟಿಗೆ ಹಾಕುವುದೊಂದೇ ದಾರಿ ಎಂದುಕೊಂಡಿದ್ದೆ. ಅವೇ ಪರಿಹಾರದ ಅಳತೆಯಾಗಿದ್ದವು. ಬೇಕಾದದ್ದು ಪಕ್ಕದಲ್ಲಿಡಲು ಮಾಮೂಲಿ ದಿನ ಒಂದು. ಆಗಲೇ ಬರೆದುಬಿಟ್ಟೆ: "ಈ ಅಳತೆ ಸಾಮಾನ್ಯ ದಿನದ್ದಲ್ಲ. ಕಾರಣ, ಡಿಪೋಗೆ ನಾನು ನೀಡಿದ ಮುನ್ಸೂಚನೆ. ತಪ್ಪು ನನ್ನದು."

ಮರುದಿನ ಕಚೋ ಅದನ್ನು ಎರಡು ಸಲ ಓದಿ, ಕೋಟು ಹಾಕಿಕೊಂಡು, ನನ್ನ ಜೊತೆ ನಗರಸಭೆಗೆ ಬಂದರು. ಅಲ್ಲಿ ನಾನು ಬಾಗಿದೆ. ಪಕ್ಕದಲ್ಲಿ ಅವರೂ ಬಾಗಿದರು. ನಾನು ತಲೆ ಎತ್ತಿದಾಗಲೂ ಅವರು ಬಾಗಿಯೇ ಇದ್ದರು, ತಾವು ಮಾಡದ ತಪ್ಪಿಗೆ. ಅಧಿಕಾರಿ ವೇಗದ ಹಾಳೆಯನ್ನು ಬಹಳ ಹೊತ್ತು ನೋಡಿ, ಮೂರರ ಬದಲು ಒಂದೇ ದಿನದ ಮರು ಅಳತೆ ಸಾಕೆಂದು ಒಪ್ಪಿದರು.

ಆದರೆ ಡಿಪೋ ಒಪ್ಪಬೇಕಲ್ಲ! ಸೆನ್ಸೇಯ ಅನುಮತಿ ಕೇಳಿಕೊಂಡು, ಆ ಮನೆಯಲ್ಲಿ ಯಾರಿದ್ದಾರೆ, ಅಳತೆ ಯಾತಕ್ಕೆ ಎಂದು ವ್ಯವಸ್ಥಾಪಕರಿಗೆ ವಿವರಿಸಿ, "ದಯವಿಟ್ಟು ಒಂದು ದಿನ ಮೊದಲಿನ ಹಾಗೆ ಓಡಿಸಿ" ಎಂದೆ. ಅವರು ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡರು. ಇಲ್ಲಿ ಅದರ ಅರ್ಥ 'ಆಗದು'. ಪಕ್ಕದಲ್ಲಿದ್ದ ನರೆತ ಕೂದಲಿನ ಡ್ರೈವರ್ ಒಬ್ಬರು ನೇರವಾಗಿಯೇ ಹೇಳಿದರು: "ನಾವು ನಿಧಾನಕ್ಕೆ ಹೋಗಿದ್ದು ನಿಮ್ಮ ಮೀಟರ್‌ಗೆ ಅಂತ. ಈಗ ಒಳಗೆ ಒಬ್ಬರು ಟ್ರೇ ಹಿಡ್ಕೊಂಡು ನಿಂತಿರ್ತಾರೆ ಅಂತ ಗೊತ್ತಾಯ್ತು. ಗೊತ್ತಾದ ಮೇಲೆ ಕಾಲು ಒತ್ತೋಕೆ ಹೇಗೆ ಬರುತ್ತೆ?"

ಗೌರವ ಹೆಚ್ಚಾಗಿ ಕೆಲಸ ಕೆಟ್ಟ ಇನ್ನೊಂದು ಉದಾಹರಣೆ ನನ್ನ ಜೀವನದಲ್ಲಿಲ್ಲ. ಸೆನ್ಸೇಗೆ ಬಂದು ಹೇಳಿದೆ. ಅವರು ಸ್ವಲ್ಪ ಯೋಚಿಸಿ, "ಬೆಳಗಿನ ಸಭೆ ಎಷ್ಟು ಗಂಟೆಗೆ?" ಎಂದರು.

ಮರುದಿನ ಬಿಳಿ ಕೋಲು ಹಿಡಿದು ಬಂದರು. ಡಿಪೋದ ಅಂಗಳದಲ್ಲಿ ಡ್ರೈವರುಗಳು ಬಿಳಿ ಕೈಗವುಸು ತೊಟ್ಟು ಸಾಲಾಗಿ ನಿಂತಿದ್ದರು. ನಾನು ಸೆನ್ಸೇಯನ್ನು ಸಾಲಿನ ಮುಂದೆ ನಿಲ್ಲಿಸಿದೆ. ಅವರು ಮೊದಲು ಸೊಂಟ ಬಗ್ಗಿಸಿ ನಮಸ್ಕರಿಸಿದರು.

"ಮೂರು ದಿನ ನನ್ನ ಮನೇನ ನನಗೆ ವಾಪಸ್ ಕೊಟ್ಟಿರಿ. ಅರಿಗಾತೋ. ಆದ್ರೆ ಅದು ನಿಮ್ಮ ದಯೆಯಿಂದ ಬಂದದ್ದು. ದಯೆ ಮೇಲೆ ಎಷ್ಟು ದಿನ ಇರೋಕಾಗುತ್ತೆ? ನೀವು ಬೇರೆ ಕಡೆ ಹೋಗ್ತೀರಿ, ಹೊಸಬರು ಬರ್ತಾರೆ. ಅದು ನನ್ನ ಹಕ್ಕು ಅಂತ ಕಾಗದದ ಮೇಲೆ ಬರಬೇಕು. ಅದಕ್ಕೆ ಒಂದು ದಿನ ಮಾಮೂಲಿನ ಹಾಗೆ ಓಡಿಸಿ. ನಾನು ಮನೇಲೇ ಇರ್ತೀನಿ, ಹೆದರಲ್ಲ."

ಆ ನರೆತ ಕೂದಲಿನವರು ಟೋಪಿ ತೆಗೆದರು. ಅವರ ಪಕ್ಕದವರು ತೆಗೆದರು. ಇಡೀ ಸಾಲು ಟೋಪಿ ಕೈಯಲ್ಲಿ ಹಿಡಿದು ಬಾಗಿತು, ಬಾಗಿದವರನ್ನು ನೋಡಲಾರದ ಒಬ್ಬರ ಮುಂದೆ. ಬಟ್ಟೆಯ ಸರಸರ ಸದ್ದು ಕೇಳಿಸಿತೇನೋ, ಸೆನ್ಸೇ ಮತ್ತೆ ಬಾಗಿದರು. ಇಂಥದ್ದೊಂದು ನೋಡುತ್ತೇನೆಂದು ನಾನು ಎಂದೂ ಎಣಿಸಿರಲಿಲ್ಲ. ಕಣ್ಣು ಒರೆಸಿಕೊಳ್ಳಲು ಸಂಕೋಚವೂ ಆಗಲಿಲ್ಲ.

ಅಳತೆಯ ದಿನ ಎಣಿಕೆಯ ಬಿಡುವಿನ ಒಂದಿಷ್ಟು ಹೊತ್ತು ಮನೆಯೊಳಗೆ ಕೂತೆ. ಲಾರಿಗಳು ಮಾತಿಗೆ ತಪ್ಪಲಿಲ್ಲ. ತಗ್ಗಿನಲ್ಲಿ ಧಡಾರ್, ಗಾಜು ನಡುಕ, ಮತ್ತೆ ಧಡಾರ್. ಸೆನ್ಸೇ ಸೂಜಿ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ಕಾಯುತ್ತಿದ್ದರು. ಬಸ್ ಡಿಪೋದ ಎದುರು ಬೆಳೆದ ನನಗೂ ಅಂದು ಮೊದಲ ಬಾರಿಗೆ ಸದ್ದು ಮನೆಯೊಳಕ್ಕೆ ಬರುವುದು ಕಂಡಿತು, ಬಾಗಿಲು ತಟ್ಟದೆ, ಕೇಳದೆ. ನಮ್ಮ ಮನೆಯಲ್ಲೂ ಯಾರಾದರೂ ಹೀಗೆ ನಿಂತಿದ್ದರೇ, ನಾನು ನೋಡಲಿಲ್ಲವೇ ಎಂದು ಯೋಚಿಸಿದೆ. ಅಮ್ಮ ಫೋನಿನಲ್ಲಿ ಮಾತಾಡುವಾಗ ಒಂದು ಕಿವಿ ಮುಚ್ಚಿಕೊಂಡು ಗೋಡೆಗೆ ಮುಖ ಮಾಡುತ್ತಿದ್ದದ್ದು ನೆನಪಾಯಿತು. ಅದನ್ನು ಅಮ್ಮನ ಅಭ್ಯಾಸ ಎಂದುಕೊಂಡಿದ್ದೆ.

ಅಂಕಿ ಮಿತಿ ದಾಟಿತು. ವರದಿಯಲ್ಲಿ ಮನುಷ್ಯರು ಸದ್ದಿಗೆ ನಿಂತುಬಿಡುವುದನ್ನು ಬರೆಯಲು ಕಾಲಮ್ ಇಲ್ಲ. ಷರಾ ಕಾಲಮಿನಲ್ಲಿ ಬರೆದೆ: "ಒಳಗಿನ ವೀಕ್ಷಣೆ: ಅರ್ಧ ಗಂಟೆಯಲ್ಲಿ ನಿವಾಸಿ ಏಳು ಸಲ ನಡಿಗೆ ಅಥವಾ ಕೆಲಸ ನಿಲ್ಲಿಸಿ ಕಾದರು." ಕಚೋ ಅದನ್ನು ಹೊಡೆದುಹಾಕುತ್ತಾರೆಂದುಕೊಂಡಿದ್ದೆ. ಪಕ್ಕದಲ್ಲಿ ತಮ್ಮ ಮುದ್ರೆಯನ್ನೂ ಒತ್ತಿ ಕಳಿಸಿದರು.

ವರ್ಷ ಮುಗಿಯುವ ಮೊದಲೇ ನಗರಸಭೆ ತಗ್ಗು ಕಿತ್ತು ರಸ್ತೆಗೆ ಹೊಸ ಡಾಂಬರು ಹಾಕಿತು. ಅಂಚೆಪೆಟ್ಟಿಗೆಯ ಹತ್ತಿರ ವೇಗಮಿತಿಯ ಫಲಕ ನಿಂತಿತು. ಸೆನ್ಸೇ ತಂಗಿಗೆ ಬರುವುದಿಲ್ಲವೆಂದು ಫೋನ್ ಮಾಡಿದರು. ಬೇರೆ ಕಡೆಯ ಲಾರಿಗಳು ಈಗಲೂ ಆಗಾಗ ಅಬ್ಬರಿಸಿಕೊಂಡು ಹೋಗುತ್ತವೆ, ಅದನ್ನೂ ಹೇಳಬೇಕು.

ಡಾಂಬರಿನ ಮೇಲಿನ ಕೊನೆಯ ಅಳತೆ ಮುಗಿಸಿದ ದಿನ ಸೆನ್ಸೇ ಟೀಗೆ ಕರೆದರು. ಅವರು ಅಡುಗೆಮನೆಯಿಂದ ಟ್ರೇ ಹಿಡಿದು ಹೊರಟರು. ಜಾಗ ಮಾಡೋಣವೆಂದು ಎದ್ದವಳಿಗೆ ಕಿಟಕಿಯಾಚೆ ಡಿಪೋದ ಖಾಲಿ ಟ್ರೈಲರ್ ಬರುವುದು ಕಂಡಿತು. ಗೊತ್ತಿಲ್ಲದೆಯೇ ನಾನು ಇದ್ದಲ್ಲೇ ಕಾಲು ಊರಿ, ಉಸಿರು ಹಿಡಿದು ನಿಂತುಬಿಟ್ಟೆ. ಟ್ರೈಲರ್ ಗಾಜನ್ನೂ ಅಲುಗಿಸದೆ ಸಾಗಿತು.

ಸೆನ್ಸೇ ನಡೆಯುತ್ತಲೇ ಬಂದರು. ನನ್ನಿಂದ ಎರಡು ಹೆಜ್ಜೆ ದೂರದಲ್ಲಿ ತಲೆ ಓರೆ ಮಾಡಿ ನಿಂತರು.

"ಗೀತಾ-ಸಾನ್, ನನ್ನ ಗಡಿಯಾರಕ್ಕೆ ಅಡ್ಡ ನಿಂತಿದ್ದೀರಿ. ಸ್ವಲ್ಪ ಸರೀತೀರಾ?"

ನಾನು ಸರಿದು ನಿಂತೆ.